ಲ್ಯಾಪ್‌ಟಾಪ್ ರೂಮು

ಕೊಟ್ಟೂರಿನಲ್ಲಿ ನನ್ನ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ದಾವಣಗೆರೆಯಲ್ಲಿ ಒಳಾಂಗಣ ವಿನ್ಯಾಸ ಕಲಿತವಳು ಎಂದರೆ ಯಾರಿಗೂ ತಿಳಿಯುವುದಿಲ್ಲ. ‘ಮನಿ ಒಳಗ ಡಿಸೈನ್ ಮಾಡೋ ಮೇಡಂ’ ಎಂದರೆ ತಿಳಿಯುತ್ತದೆ. ಅಡುಗೆಮನೆಯ ಕಪಾಟು, ಟಿವಿ ಇಡುವ ಷೋಕೇಸು, ದೇವರ ಮನೆಯ ಬಾಗಿಲು, ಕೂಡ್ಲಿಗಿಯಲ್ಲೊಂದು ಸೀರೆ ಅಂಗಡಿ ಹೀಗೆ ನಡೆದುಕೊಂಡು ಹೋಗುತ್ತಿತ್ತು. ಆಗ ಹಗರಿಬೊಮ್ಮನಹಳ್ಳಿ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನ ಯಜಮಾನರು ಹೇಳಿಕಳಿಸಿದರು.

ವಯಸ್ಸಾದವರು, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಅವರ ಲಾಡ್ಜಿಗೆ ಬರುತ್ತಿದ್ದವರು ಗೊಬ್ಬರದ ಕಂಪನಿಯವರು, ಮೆಕ್ಕೆಜೋಳದ ವ್ಯಾಪಾರಿಗಳು, ಮದುವೆಯ ದಿಬ್ಬಣದವರು. ಈಚೆಗೆ ಬೇರೆ ಥರದ ಜನ ಬರತೊಡಗಿದ್ದರಂತೆ.

“ಈಗಿನ ಮಂದಿ ಮದುವಿಗೆ ಬಂದ್ರೂ ಲ್ಯಾಪ್‌ಟಾಪ್ ತರ್ತಾರ ತಂಗೀ. ಅಕ್ಕಿಕಾಳು ಹಾಕಿ ಬಂದು ರೂಮಿನ್ಯಾಗ ಕೆಲಸಕ್ಕ ಕೂಡ್ತಾರ. ಗುಡ್ಡದ ಮ್ಯಾಲ ಕರೆಂಟ್ ಮಾಡೋ ಗಾಳಿ ಫ್ಯಾನಿನ ಕಂಪನಿ ಹುಡುಗರಂತೂ ವಾರಗಟ್ಟಲೆ ಇಲ್ಲೇ ಇರ್ತಾರ. ಎಲ್ಲಾರೂ ಒಂದ ದೂರು ಹೇಳ್ತಾರ, ಕುಂದ್ರಾಕ ಜಾಗ ಇಲ್ಲ ಅಂತ. ಮ್ಯಾಲಿನ ಮಾಳಿಗಿ ರೂಮೆಲ್ಲ ನಿನಗ ಬಿಟ್ಟೀನಿ, ಏನ್ ಮಾಡ್ತೀಯೋ ಮಾಡು,” ಎಂದರು.

ಏನು ಮಾಡಬೇಕೆಂದು ತಿಳಿಯಲು ನಾನೇ ಒಂದು ದಿನ ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಕೂರಲು ಮಂಚ ಬಿಟ್ಟರೆ ಒಂದು ಪ್ಲಾಸ್ಟಿಕ್ ಕುರ್ಚಿ. ಪ್ಲಗ್ಗು ಮಂಚದ ಹಿಂದೆ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಸೆಟೆದುಹೋಯಿತು. ಗೆಳತಿಗೆ ವಿಡಿಯೋ ಕಾಲ್ ಮಾಡಿದರೆ ಅವಳು, “ಮುಖ ಕಾಣವಲ್ದು, ಹಿಂದ ಜಲಪಾತ ಕಾಣತೈತಿ,” ಎಂದು ನಕ್ಕಳು. ಗೋಡೆಯ ತುಂಬ ಯಾವುದೋ ಜಲಪಾತದ ಚಿತ್ರ ಅಂಟಿಸಿದ್ದರು. ಗೂಡ್ಸ್ ಗಾಡಿ ಹೋದಾಗ ನಮ್ಮಿಬ್ಬರ ಮಾತೂ ಮುಳುಗಿಹೋಯಿತು.

ಆ ರೂಮುಗಳನ್ನು ಎಷ್ಟು ಪ್ರೀತಿಯಿಂದ ಮಾಡಿದೆನೆಂದರೆ, ನನ್ನ ಸ್ವಂತ ಮನೆಯನ್ನೂ ಹಾಗೆ ಮಾಡಿಕೊಂಡಿಲ್ಲ. ಮರದ ಕೆಲಸ ಹರಪನಹಳ್ಳಿಯ ಒಬ್ಬ ಚಾಚಾ ಅವರದು. ನಾನು ಕಲಿತು ಬಂದಾಗಿನಿಂದ ನನ್ನ ಗೀಟುಗಳನ್ನೆಲ್ಲ ಮರದಲ್ಲಿ ತೆಗೆದುಕೊಟ್ಟವರು ಅವರೇ. ಟೇಬಲ್ಲಿನ ಅಂಚು ಮುಂಗೈಗೆ ಒತ್ತದಂತೆ ಗುಂಡಗೆ ತಿಕ್ಕಿಸಿದೆ. ಬೇಸಿಗೆಯ ಸೆಕೆಗೆ ಕುರ್ಚಿಯ ಬೆನ್ನಿಗೆ ಬೆತ್ತ ಹೆಣೆಸಿದೆ. ಪ್ಲಗ್ಗು ಕೈಗೆ ಸಿಗುವಂತೆ ಮೇಲೆ ಬಂತು, ದೀಪ ಮುಖದ ಎದುರಿಗೆ ಬಂತು, ಜಲಪಾತ ಹೋಗಿ ಗೋಡೆಗೆ ತೆಳು ಬೂದಿ ಬಣ್ಣ ಬಂತು. ರೈಲಿನ ಸದ್ದು ಒಳಗೆ ಬಾರದ ಹಾಗೆ ಕಿಟಕಿ ಬಾಗಿಲಿಗೆಲ್ಲ ರಬ್ಬರಿನ ಪಟ್ಟಿ ಹಾಕಿಸಿದೆ.

“ಆಫೀಸ್ ಬಿಟ್ಟು ಲಾಡ್ಜಿಗೆ ಬಂದು ಯಾಕ ಕೆಲಸ ಮಾಡ್ತಾರ್ರಿ ಇವ್ರು?” ಎಂದು ಚಾಚಾ ಕೇಳಿದರು.

“ಈಗ ಕೂತಲ್ಲೇ ಆಫೀಸು ಚಾಚಾ.”

“ಹಂಗಾದ್ರ ಕುರ್ಚಿ ಗಟ್ಟಿ ಇರಬೇಕು ಬಿಡ್ರಿ,” ಎಂದು ಇನ್ನೊಂದು ಮೊಳೆ ಹೊಡೆದರು.

ಒಂದು ಸಣ್ಣ ಯೋಚನೆಯೂ ಹೊಳೆಯಿತು. ಒಳಗಿನವರು ಕಾಲ್‌ನಲ್ಲಿದ್ದಾಗ ಯಾರೂ ಬಾಗಿಲು ಬಡಿಯಬಾರದು. ಅದಕ್ಕೆ ಟೇಬಲ್ಲಿನ ಮೇಲೆ ಒಂದು ಸ್ವಿಚ್ಚು, ಹೊರಗೆ ಬಾಗಿಲ ಮೇಲೆ ಒಂದು ಕೆಂಪು ಬಲ್ಬು ಇಡಿಸಿದೆ. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ನಡೆಯುವಾಗ ಹೊರಗೆ ಹತ್ತುತ್ತದಲ್ಲ, ಅದನ್ನು ನೋಡಿಯೇ ನನಗೆ ತೋಚಿದ್ದು.

ಮೊದಲು ಬಂದ ಗಾಳಿ ಫ್ಯಾನಿನ ಹುಡುಗರು ಆ ಟೇಬಲ್ಲಿನ ಮೇಲೆ ಅಂಗಿ ಇಸ್ತ್ರಿ ಮಾಡಿದರು. ಒಬ್ಬ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು ಎಣ್ಣೆ ಕಲೆ ಮಾಡಿಟ್ಟ. ಬೇಜಾರಾಯಿತು, ಆದರೂ ಊರಲ್ಲಿ ‘ಲ್ಯಾಪ್‌ಟಾಪ್ ರೂಮು’ ಎಂಬ ಹೆಸರು ಬಿತ್ತು.

ಆಮೇಲೆ ಅವಳು ಬಂದಳು. ಇಸ್ತ್ರಿಯ ಕಲೆ ತೆಗೆಸಲೆಂದು ಹೋಗಿದ್ದ ದಿನ ನಾನು ಕೌಂಟರಿನ ಹತ್ತಿರ ಇದ್ದೆ. ಮೂವತ್ತು ದಾಟಿರದ ಹೆಣ್ಣುಮಗಳು, ಕನ್ನಡಕ, ಹೆಗಲಿಗೊಂದು ಬ್ಯಾಗು, ಜೊತೆಗೆ ಗಂಡ. ಅದೇ ಊರಿನವರು, ಮನೆ ಬಜಾರದ ಹಿಂದೆ.

“ಬೆಳಿಗ್ಗಿಂದ ಸಂಜಿತನಕ ಒಂದು ರೂಮ್ ಬೇಕಾಗಿತ್ರಿ, ದಿನಾ,” ಎಂದಳು.

ಯಜಮಾನರು ಕನ್ನಡಕ ತೆಗೆದು ಅವರಿಬ್ಬರನ್ನೂ ನೋಡಿದರು. “ಊರಾಗಿನವರಿಗೆ ಕೊಡಂಗಿಲ್ಲವ್ವ. ಊರಾಗ ಮನಿ ಇದ್ದು ಲಾಡ್ಜಿಗೆ ಯಾಕ ಬರ್ತಾರ ಅಂತ ಮಂದಿ ಕೇಳ್ತಾರ. ಇದು ನಮ್ಮಪ್ಪನ ಕಾಲದಿಂದ ಬಂದಿದ್ದು.”

ಅವಳು ತನ್ನ ಕೆಲಸ ಹೇಳಿದಳು. ಆರೋಗ್ಯ ವಿಮೆಯ ಕಂಪನಿಗೆ ಫೋನಿನಲ್ಲಿ ಮಾತಾಡುವ ಕೆಲಸ. ಆಸ್ಪತ್ರೆಯಲ್ಲಿ ಮಲಗಿದವರ ಮನೆಯವರು ಗಾಬರಿಯಲ್ಲಿ ಫೋನ್ ಮಾಡುತ್ತಾರೆ, ಅವರಿಗೆ ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಸಮಾಧಾನವಾಗಿ ಹೇಳಬೇಕು. ಕಂಪನಿಯ ಮೇಲಧಿಕಾರಿಗಳು ಆ ಮಾತನ್ನು ಕೇಳಿಸಿಕೊಳ್ಳುತ್ತಿರುತ್ತಾರೆ. ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅತ್ತೆಗೆ ಕಿವಿ ಮಂದ, ಟಿವಿ ಜೋರು. ಜೋಳದ ಚೀಲ ಇಡುವ ಕೋಣೆಯಲ್ಲಿ ತಲೆ ಮೇಲೆ ಕಂಬಳಿ ಹೊದ್ದುಕೊಂಡು ಇಷ್ಟು ದಿನ ಮಾತಾಡಿದ್ದಳಂತೆ.

“ಸದ್ದು ಬರ್ತೈತಿ ಅಂತ ಬೈಸ್ಕೊಂಡೀನ್ರಿ. ಇನ್ನೊಮ್ಮೆ ಆದ್ರ ಕೆಲಸದಿಂದ ತಗಿತಾರ,” ಎಂದಳು. ಗಂಡ ಕರೆಂಟಿನ ಲೈನ್‌ಮನ್, ಮೆತ್ತಗಿನ ಮನುಷ್ಯ. “ನಾನ ಕರ್ಕೊಂಡು ಬರ್ತೀನ್ರಿ, ನಾನ ಕರ್ಕೊಂಡು ಹೋಗ್ತೀನಿ,” ಎಂದ.

ನಾನೂ ಹೇಳಿದೆ. ಇಂಥವರಿಗೇ ಅಲ್ಲವೇ ಆ ರೂಮು ಮಾಡಿದ್ದು ಎಂದೆ. ಯಜಮಾನರು ತುಸು ಹೊತ್ತು ಗಲ್ಲ ಕೆರೆದುಕೊಂಡು, ಮೂಲೆಯ ರೂಮಿನ ಚಾವಿ ಕೊಟ್ಟರು.

ಆ ದಿನಗಳಲ್ಲಿ ಹಗರಿಬೊಮ್ಮನಹಳ್ಳಿಗೆ ಏನೇ ಕೆಲಸವಿದ್ದರೂ ಅವಳ ಊಟದ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದೆ. ಟೇಬಲ್ಲಿನ ಮೇಲೆ ಒಂದು ಹನಿ ನೀರೂ ಬೀಳದಂತೆ ಅವಳು ನೋಡಿಕೊಂಡಿದ್ದಳು. ಡಬ್ಬಿ ಬಿಚ್ಚಿ ಕೂತಾಗ ಒಂದು ರೊಟ್ಟಿ ನನಗೂ ಕೊಡುತ್ತಿದ್ದಳು.

“ಅಕ್ಕಾರ, ಇಲ್ಲಿ ನನ್ನ ದನಿ ನನಗ ಕೇಳಿಸ್ತೈತ್ರಿ. ಮೊದಲು ನಾ ಒದರ್ತಿದ್ದೆ. ಈಗ ಫೋನ್ ಮಾಡಿದವರು ಅಳೋದೂ ಕೇಳಿಸ್ತೈತಿ, ಸುಮ್ನ ಸ್ವಲ್ಪ ಹೊತ್ತು ಅಳಾಕ ಬಿಡ್ತೀನಿ,” ಎಂದು ಒಮ್ಮೆ ಹೇಳಿದಳು.

ಮಾಡಿದ ಕೆಲಸಕ್ಕೆ ಇದಕ್ಕಿಂತ ದೊಡ್ಡ ಮಾತು ನನಗೆ ಯಾರೂ ಹೇಳಿಲ್ಲ.

ಒಂದು ಮಧ್ಯಾಹ್ನ, ಕಿಟಕಿಯ ರಬ್ಬರು ಕಿತ್ತು ಬಂದಿದೆ ಎಂದು ಅವಳೇ ಫೋನ್ ಮಾಡಿದ್ದರಿಂದ ಹೋಗಿ, ಕಾಲ್ ಮುಗಿಯಲೆಂದು ಮೇಲೆ ಪಡಸಾಲೆಯಲ್ಲಿ ಕಾಯುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವಳ ಗಂಡ ಬಂದ, ಅವನ ಹಿಂದೆ ಅವನ ಅಣ್ಣ, ಅವರ ಹಿಂದೆ ಏದುಸಿರು ಬಿಡುತ್ತ ಯಜಮಾನರು. ಅಣ್ಣನಿಗೆ ಪಂಪ್‌ಸೆಟ್ಟಿನ ಅಂಗಡಿ. ಊರಲ್ಲಿ ನಾಲ್ಕು ಜನ ಕರೆದು ಮಾತಾಡಿಸುವ ಮನುಷ್ಯ. ಅಣ್ಣನವರು ಕೂಗಾಡಲಿಲ್ಲ. ಬಾಗಿಲ ಮೇಲೆ ಹತ್ತಿದ್ದ ಬಲ್ಬನ್ನು ನೋಡಿ ಅಲ್ಲೇ ನಿಂತರು.

“ಕೆಂಪು ಲೈಟು,” ಎಂದರು. “ಅಂಗಡಿಗೆ ಬಂದೋರು ಹೇಳಿದಾಗ ನಾ ನಂಬಿದ್ದಿಲ್ಲ. ಬಜಾರದಿಂದ ಕಾಣತೈತಂತ ಇದು. ನಿಮ್ಮ ಮನಿ ಸೊಸಿ ಹೋದ ಮ್ಯಾಲ ಹತ್ತತೈತಿ ಅಂತ ನಗಾಡ್ತಾರ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಲಾಡ್ಜು, ಕೆಂಪು ದೀಪ, ಒಬ್ಬ ಹೆಣ್ಣು ಸೇರಿದರೆ ಬಜಾರ ಏನೆಂದುಕೊಳ್ಳುತ್ತದೆಂದು ಆಮೇಲೆ ಹೊಳೆಯಿತು. ಪಡಸಾಲೆಯ ಕೊನೆಯಲ್ಲಿ ಬಜಾರದ ಕಡೆಗೊಂದು ಕಿಟಕಿ ಇರುವುದು ನನಗೆ ಗೊತ್ತಿತ್ತು. ಅಲ್ಲಿಂದ ಆ ಬಲ್ಬು ಜನರಿಗೆ ಹೀಗೆ ಕಾಣಬಹುದೆಂದು ಮಾತ್ರ ತೋಚಿರಲಿಲ್ಲ.

“ಅದು ಹಂಗಲ್ರಿ. ಫೋನಿನ್ಯಾಗ ಅದಾಳ, ಬಾಗಿಲು ಬಡಿಬ್ಯಾಡ್ರಿ ಅಂತ ಗುರುತು ಅದು. ನಾನ ಇಡಿಸೀನಿ,” ಎಂದೆ.

“ನೀವು ಹೇಳೋದು ಖರೇನ ಇರಬಹುದು ಮೇಡಂ. ಬಜಾರದಾಗ ನಿಂತು ಎಷ್ಟ ಮಂದಿಗೆ ಹೇಳ್ತೀರಿ?”

ಅವರು ಬಾಗಿಲು ಬಡಿದರು. ಒಳಗಿಂದ ಉತ್ತರವಿಲ್ಲ. ರಬ್ಬರ್ ಪಟ್ಟಿ, ಕಿವಿಗೆ ಹೆಡ್‌ಫೋನು, ಕೇಳುವುದಾದರೂ ಹೇಗೆ? ಒಳಗಿನ ಮಾತೂ ಹೊರಗೆ ಬರುತ್ತಿರಲಿಲ್ಲ. ಒಂದು ಶಬ್ದವಾದರೂ ಆಚೆ ಬರಲಿ, ‘ನಿಮ್ಮ ತಂದೆಯವರು ಯಾವ ವಾರ್ಡಿನಲ್ಲಿದ್ದಾರೆ’ ಎಂದು ಅವಳು ಕೇಳುವುದು ಇವರ ಕಿವಿಗೆ ಬೀಳಲಿ ಎಂದು ನನ್ನ ಜೀವ ಬಡಿದುಕೊಂಡಿತು. ಬಾಗಿಲಿಗೆ ಕಿವಿಯಿಟ್ಟರೆ ಏನೂ ಇಲ್ಲ. ಅಷ್ಟು ಚೊಕ್ಕ ಕೆಲಸ ಮಾಡಿದ್ದೆ. ಕಾಲ್ ಮುಗಿಯುವವರೆಗೆ ನಾಲ್ವರೂ ಕಾದೆವು. ಗಂಡ ನೆಲ ನೋಡುತ್ತಿದ್ದ. ಯಜಮಾನರು ಗೋಡೆಗೆ ಒರಗಿದ್ದರು.

ಬಲ್ಬು ಆರಿತು. ಬಾಗಿಲು ತೆರೆಯಿತು. ಹೆಡ್‌ಫೋನ್ ಒತ್ತಿದ ಗುರುತು ಅವಳ ಕೂದಲ ಮೇಲೆ ಇನ್ನೂ ಇತ್ತು. ನನ್ನನ್ನು ನೋಡಿ, “ಬಂದ್ರೇನ್ರಿ ಅಕ್ಕಾರ, ಕಿಟಕಿ...” ಎಂದವಳು ಭಾವನನ್ನು ಕಂಡು ಸೆರಗು ಹೊದ್ದುಕೊಂಡಳು. ಗಂಡನ ಮುಖ ನೋಡಿದಳು. ಅವನು, “ಮನಿಗೆ ಹೋಗೂಣು, ನಡಿ,” ಎಂದ.

ಅವಳು ವಾದ ಮಾಡಲಿಲ್ಲ. ಒಳಗೆ ಹೋಗಿ ಲ್ಯಾಪ್‌ಟಾಪ್ ಮುಚ್ಚಿದಳು, ವೈರು ಸುತ್ತಿದಳು, ಫ್ಯಾನು ಆರಿಸಿದಳು, ಕುರ್ಚಿಯನ್ನು ಟೇಬಲ್ಲಿನೊಳಗೆ ತಳ್ಳಿದಳು. ನಾನು ಏನೇನೋ ಹೇಳಿದೆ. ಬಲ್ಬು ಈಗಲೇ ಕೀಳಿಸುತ್ತೇನೆ ಎಂದೆ, ಬಾಗಿಲು ತೆರೆದಿಟ್ಟುಕೊಂಡು ಕೂರಲಿ ಎಂದೆ, ಬೇಕಾದರೆ ನಾನೇ ಜೊತೆಗಿರುತ್ತೇನೆ ಎಂದೆ. “ಬರ್ತೀನ್ರಿ,” ಎಂದು ಅವಳು ಇಳಿದು ಹೋದಳು.

ಯಜಮಾನರು ಅಂದೇ ಬಲ್ಬು ತೆಗೆಸಿದರು. “ನಾನೂ ಈ ಊರಾಗ ಬಾಳೇವು ಮಾಡಬೇಕಲ್ಲ ತಂಗೀ,” ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಸುಮ್ಮನಿರಲಾರದೆ ಚಾಚಾ ಅವರನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಬೇಡವಾದಾಗ ಗೋಡೆಗೆ ಮಡಚಿಡುವಂಥ ಸಣ್ಣ ಟೇಬಲ್ಲು ಮಾಡಿಸಿಕೊಂಡಿದ್ದೆ. ಅತ್ತೆ ಪ್ರೀತಿಯಿಂದ ಕರೆದು ಚಾಪೆ ಹಾಸಿ ಚಹಾ ಕೊಟ್ಟರು. ಮನೆಯ ತುಂಬ ಓಡಾಡಿ ನೋಡಿದೆವು. ಒಂದು ಗೋಡೆ ದೇವರದು, ಒಂದರ ಹತ್ತಿರ ಮಂಚ, ಒಂದಕ್ಕೆ ಟಿವಿ. ಉಳಿದದ್ದು ಚೀಲದ ಕೋಣೆ. ಅಲ್ಲೇ ಚಾಚಾ ತಿರುಪು ಬಿಗಿದರು. ಆಗ ಪಕ್ಕದ ಗಿರಣಿ ಶುರುವಾಯಿತು. ಟೇಬಲ್ಲು ಗೋಡೆಯ ಜೊತೆಗೇ ನಡುಗತೊಡಗಿತು. ಅದರ ಮೇಲಿನ ಚಹಾದ ಲೋಟ ತಾನಾಗಿ ಜರುಗಿತು. ಅವಳಿಗೆ ನಗು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಚಾಚಾ ತಿರುಪಿನ ಕೆಳಗೆ ರಬ್ಬರು, ಗೋಣಿ, ಹಲಗೆ, ಏನೆಲ್ಲ ಇಟ್ಟು ನೋಡಿದರು. ಗೋಡೆಯೇ ನಡುಗುವಾಗ ಅವರಾದರೂ ಏನು ಮಾಡಿಯಾರು.

ಸ್ವಲ್ಪ ದಿನಕ್ಕೆ ಫೋನ್ ಮಾಡಿದಳು. “ಕೆಲಸದಿಂದ ತಗದ್ರು ಅಕ್ಕಾರ. ನಿಮ್ಮ ದನಿ ಕೇಳವಲ್ದು ಅಂದ್ರು.” “ಊಟ ಆತೇನು?” ಎಂದು ಕೇಳಿದೆ. “ಆತ್ರಿ,” ಎಂದಳು.

ಹೋದ ವರ್ಷ ಅವಳ ಭಾವ ತಮ್ಮನ ಸಂಸಾರವೂ ಸೇರಿ ಎಲ್ಲರೂ ಒಟ್ಟಿಗಿರಲೆಂದು ಹಡಗಲಿ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಲು ಶುರುಮಾಡಿದರು. ಒಳಗಿನ ಕೆಲಸಕ್ಕೆ ನನ್ನನ್ನೇ ಕರೆಸಿದರು. “ಅವತ್ತು ನೋಡಿದ್ದೆ ಮೇಡಂ. ಲಾಡ್ಜಿನ ಕೆಲಸ ಭಾರಿ ಚೊಕ್ಕ ಐತಿ,” ಎಂದರು. ಆ ಮಾತಿನಲ್ಲಿ ಕುಹಕವಿರಲಿಲ್ಲ. ನಾನು ಹೋದೆ. ಒಂದು ಆಸೆಯೂ ಇತ್ತೆನ್ನಿ.

ಮಹಡಿಯ ಮೇಲೆ, ಎಲ್ಲ ಕೋಣೆಗಳಿಂದ ದೂರಕ್ಕೆ, ಕಿಟಕಿಯ ಪಕ್ಕ ಒಂದು ಟೇಬಲ್ಲು ಬರೆದೆ. ಅಲ್ಲಿ ಗಿರಣಿ ಇಲ್ಲ, ಟಿವಿಯ ಸದ್ದು ಮೇಲೆ ಹತ್ತುವುದಿಲ್ಲ. ನಕಾಶೆ ಹರಡಿದಾಗ ಮನೆಯವರೆಲ್ಲ ಸುತ್ತ ನಿಂತಿದ್ದರು. ಅವಳು ಚಹಾದ ತಟ್ಟೆ ಹಿಡಿದು ಗಂಡನ ಹಿಂದೆ ನಿಂತಿದ್ದಳು.

“ಇದೇನ್ರಿ?” ಎಂದು ಭಾವ ಬೆರಳಿಟ್ಟರು.

“ಕುಂತು ಓದಾಕ, ಬರಿಯಾಕ... ಏನಾರ ಕೆಲಸ ಮಾಡಾಕ,” ಎಂದೆ. ಹೇಳುತ್ತ ಅವಳ ಕಡೆ ನೋಡಿದೆ.

“ಹಾಂ, ಚಲೋ ಆತು. ನಮ್ಮ ಹುಡುಗರು ಓದ್ಕೊಳಾಕ ಆಗ್ತೈತಿ.”

ಅವಳ ಗಂಡ ನಕಾಶೆಯ ಅಂಚನ್ನು ಅಂಗೈಯಿಂದ ಸವರಿ ಸರಿಮಾಡಿದ. ಅವಳು ನನ್ನ ಮುಂದೆ ಲೋಟ ಇಟ್ಟು, “ಹೌದ್ರಿ ಅಕ್ಕಾರ, ಹುಡುಗರಿಗೆ ಆಗ್ತೈತಿ,” ಎಂದಳು.

“ಹಂಗಾದ್ರ ಇಷ್ಟೆತ್ತರ ಬ್ಯಾಡ. ಸಣ್ಣ ಹುಡುಗರ ಕೈಗೆ ಎಟುಕಂಗಿಲ್ಲ,” ಎಂದರು ಭಾವ.

ನಾನು ಪೆನ್ಸಿಲ್ ತೆಗೆದುಕೊಂಡು ಟೇಬಲ್ಲಿನ ಎತ್ತರ ಇಳಿಸಿದೆ.