ಜ್ವರ ಕಂಡವರ ಕೈ

ಮೊನ್ನೆ ಮೊಮ್ಮಗಳಿಗೆ ಟೈಫಾಯ್ಡ್ ಲಸಿಕೆ ಹಾಕಿಸಿದೆವು. ಹತ್ತಿಯಿಂದ ಬಂದ ಸ್ಪಿರಿಟ್ ವಾಸನೆಗೆ ಮಗುವಿಗಿಂತ ಮೊದಲು ನಾನೇ ಮುಖ ಸಿಂಡರಿಸಿದೆ. ರಕ್ತದಲ್ಲಿ ಟಿ ಕಣಗಳೆಂಬವು ಇರುತ್ತವಂತೆ; ಒಮ್ಮೆ ಎದುರಿಸಿದ ರೋಗಾಣುವನ್ನು ಅವು ನೆನಪಿಟ್ಟುಕೊಳ್ಳುತ್ತವೆ ಎಂದು ಡಾಕ್ಟರು ವಿವರಿಸಿದರು.

ಇದನ್ನು ನಮ್ಮೂರು ಅಂತರಸಂತೆಯವರು ಅರವತ್ತರ ದಶಕದಲ್ಲೇ ತಮ್ಮ ರೀತಿಯಲ್ಲಿ ನಂಬಿದ್ದರು. ಯಾರಿಗಾದರೂ ಟೈಫಾಯ್ಡ್ ಜ್ವರ ಬಂದರೆ, ಹಿಂದೆ ಅದು ಬಂದು ಬದುಕಿ ಉಳಿದವರನ್ನೇ ಆರೈಕೆಗೆ ಕರೆಯುತ್ತಿದ್ದರು. ನಮ್ಮೂರಲ್ಲಿ ಅಂಥವರೆಂದರೆ ಅಪ್ಪನ ಅಕ್ಕ, ಪುಟ್ಟತ್ತೆ. ಚಿಕ್ಕವಳಿದ್ದಾಗ ನಾನು ಅದೇ ಜ್ವರದಲ್ಲಿ ಮಲಗಿದಾಗಲೂ ಗಂಜಿ ಕುಡಿಸಿದ್ದು ಅವರೇ. ಜ್ವರ ಬಿಟ್ಟ ಮೇಲೆ ಕೂದಲುದುರಿದ ತಲೆಗೆ ಹೂ ಮುಡಿಸಿ ಎಂದು ನಾನು ಹಟ ಹಿಡಿದಿದ್ದೆ.

“ಎಲ್ಲಿ ಸಿಗಿಸ್ಲವ್ವಾ, ಕಿವಿಗಾ?” ಎಂದು ಪುಟ್ಟತ್ತೆ ನಕ್ಕಿದ್ದರು.

ನಾನು ಎದ್ದ ಮೇಲೆ ತಮ್ಮ ಮಲಗಿದ. ಆಮೇಲೆ ಪಕ್ಕದ ಮನೆಯವರು. ಅಲ್ಲೆಲ್ಲ ಅಡುಗೆ ಮಾಡಿ ಬಡಿಸಿದವರು ಪುಟ್ಟತ್ತೆ. ಹತ್ತಿರದ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಡಾಕ್ಟರಿಗೆ ಅನುಮಾನ ಬಂದು ಅವರ ಮಲದ ಮಾದರಿಯನ್ನು ಮೈಸೂರಿಗೆ ಕಳಿಸಿದರು. ರೋಗಾಣು ಸಿಕ್ಕಿತು. ಕೆಲವರಲ್ಲಿ ಜ್ವರ ಹೋದರೂ ಅದು ಪಿತ್ತಕೋಶದಲ್ಲಿ ಉಳಿದುಬಿಡುತ್ತದೆ, ಅವರಿಗೇನೂ ಆಗುವುದಿಲ್ಲ, ಅವರ ಕೈಯಡುಗೆ ಉಂಡವರಿಗೆ ಬರುತ್ತದೆ ಎಂದು ಡಾಕ್ಟರು ತಿಳಿಸಿದರು.

“ಅಷ್ಟು ವರ್ಸದಿಂದ ನನ್ ಮೈಯಾಗೆ ಬಾಡ್ಗೆನೂ ಕೊಡ್ದೆ ಕುಂತದಾ?” ಎಂದರು ಪುಟ್ಟತ್ತೆ. ಡಾಕ್ಟರು ನಗಲಿಲ್ಲ. ಇನ್ನು ಯಾರಿಗೂ ಅಡುಗೆ ಮಾಡಬೇಡಿ ಎಂದರು.

ಊರಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಕೈಯಿಂದ ಬಂದದ್ದು. ಮುಂದಿನ ಸಲ ಮನೆಗೆ ಬಂದಾಗ ಅವರು ರೂಢಿಯಂತೆ ಒಲೆಯ ಬಳಿ ಹೋಗಿ ಮುದ್ದೆ ಕೋಲಿಗೆ ಕೈ ಚಾಚಿದರು. ಅಮ್ಮ ಅದನ್ನು ಮೊದಲೇ ಎತ್ತಿಕೊಂಡಳು.

“ಕುಂತ್ಕಳಕ್ಕಾ, ಇವತ್ತು ನಾನೇ ಮಾಡ್ತೀನಿ.”

“ಇವತ್ತು ಮಾತ್ರಾನಾ, ಇನ್ ಮ್ಯಾಕೆಲ್ಲಾನಾ?”

ಅಮ್ಮ ಹಿಟ್ಟು ತಿರುವಿದಳು. ಪುಟ್ಟತ್ತೆ ಹೊಸಿಲಿನಾಚೆ ಹೋಗಿ ಕುಳಿತರು. ಅಲ್ಲಿಂದಲೇ, “ಗಂಟಾಯ್ತದೆ, ಬ್ಯಾಗ ತಿರುವು” ಎಂದರು. ಆಮೇಲೆ ಅವರು ಯಾರ ಮನೆಯ ಒಲೆಯನ್ನೂ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ನನಗೆ ಗೊತ್ತಿರುವಷ್ಟನ್ನೇ ಹೇಳಬೇಕು. ನನಗೆ ಜ್ವರ ಬಂದದ್ದು ಅವರು ಆರೈಕೆಗೆಂದು ನಮ್ಮ ಮನೆಗೆ ಬರುವ ಮೊದಲು. ತಮ್ಮನಿಗೆ ಅವರಿಂದ ಬಂತೋ ನನ್ನಿಂದ ಬಂತೋ ಯಾರೂ ಕೇಳಲಿಲ್ಲ. ಪರೀಕ್ಷೆ ಆದದ್ದು ಅವರಿಗೊಬ್ಬರಿಗೇ. ನಾನು ಮದುವೆಯಾಗಿ, ಈ ವಯಸ್ಸಿನವರೆಗೆ ಎಷ್ಟೋ ಜನಕ್ಕೆ ಬೇಯಿಸಿ ಹಾಕಿದ್ದೇನೆ.

ನಿನ್ನೆ ನಾನೂ ಮಾದರಿ ಕೊಟ್ಟು ಬಂದೆ. ವರದಿ ಇನ್ನೂ ಬಂದಿಲ್ಲ. ಮನೆಯಲ್ಲಿ ಹೇಳಿಲ್ಲ. ಒಳಗೆ ಸೊಸೆ ಸಾರು ಕುದಿಸುತ್ತಿದ್ದಾಳೆ. ನಾನು ಅಡುಗೆಮನೆಯ ಹೊರಗೆ ಕುರ್ಚಿ ಹಾಕಿಕೊಂಡಿದ್ದೇನೆ.

“ಅತ್ತೆ, ಸ್ವಲ್ಪ ಬಂದು ಉಪ್ಪು ಹಾಕ್ತೀರಾ? ನಿಮ್ಮ ಕೈಯಳತೆ ನಂಗೆ ಬರಲ್ಲ.”

“ನೀನೇ ಹಾಕಮ್ಮ” ಎಂದೆ. “ಬರುತ್ತೆ.”