ಹಳೇ ಪುಸ್ತಕದ ಆಚಾರ್ರು

ಆಚಾರ್ರು ಯಾವುದನ್ನೇ ನೋಡಲಿ, ಎಡಗಣ್ಣು ಮುಚ್ಚಿ ಬಲಗಣ್ಣನ್ನು ಕಿರಿದು ಮಾಡಿ ನೋಡುತ್ತಿದ್ದರು. ಅಕ್ಕಸಾಲಿ ಕೆಲಸದಲ್ಲಿ ಮಸೂರ ಸಿಕ್ಕಿಸಿಕೊಂಡು ಒಡವೆಯ ಬೆಸುಗೆ ನೋಡಿ ನೋಡಿ ಆ ಕಣ್ಣಿನ ಸುತ್ತ ಉಂಗುರದಂಥ ಗೆರೆಯೇ ಬಿದ್ದಿತ್ತು. ಹಾಲು, ಹಲಸಿನ ತೊಳೆ, ಬಸ್ ಟಿಕೆಟ್ಟು, ಹೊಸ ಮನುಷ್ಯ, ಎಲ್ಲಕ್ಕೂ ಅದೇ ನೋಟ. ತೊಂಬತ್ತರ ದಶಕದ ಮೊದಲಲ್ಲಿ ನಾನು ಶ್ರೀರಂಗಪಟ್ಟಣಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಬಂದು ಅವರ ಪಕ್ಕದ ಮನೆ ಹಿಡಿದಾಗ, "ಮೇಷ್ಟ್ರು ಅಂತೀರಿ, ಕೈಗೆ ಸೀಮೆಸುಣ್ಣನೇ ಅಂಟಿಲ್ವಲ್ಲ" ಅಂದಿದ್ದರು. ಬೇಸಿಗೆ ರಜೆ ಎಂದು ನಾನು ನೆನಪಿಸಬೇಕಾಯಿತು.

ಕಾಲೇಜು ಗೆಳೆಯನೊಬ್ಬ ಕೊಟ್ಟಿದ್ದ ವಿದೇಶಿ ಆಟದ ಡಬ್ಬಿಯೊಂದು ನನ್ನಲ್ಲಿತ್ತು. ಒಬ್ಬರು ಕಥೆ ನಡೆಸಬೇಕು; ಉಳಿದವರು ಅದರೊಳಗಿನ ಬಂಟನೋ ಕಳ್ಳನೋ ಮಾಟಗಾತಿಯೋ ಆಗಿ ತಾವೇನು ಮಾಡುತ್ತೇವೆಂದು ಹೇಳಬೇಕು; ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಭಾನುವಾರ ಮಧ್ಯಾಹ್ನ ಆಚಾರ್ರು, ನನ್ನ ಹೆಂಡತಿ, ಬೆಳಗೊಳದ ಡೈರಿ ಸೆಕ್ರೆಟರಿ ಮತ್ತು ನಾನು ಜಗಲಿಯಲ್ಲಿ ಕೂರುತ್ತಿದ್ದೆವು. ಕಥೆ ಆಚಾರ್ರದು. ಇಂಗ್ಲಿಷ್ ನಿಯಮಗಳನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.

ಆಟ ಶುರುವಾಗುವ ಮೊದಲೇ ಅವರು ಆ ಇಪ್ಪತ್ತು ಮುಖದ ದಾಳವನ್ನು ಗಟ್ಟಿ ಉಪ್ಪುನೀರಿನ ಲೋಟದಲ್ಲಿ ತೇಲಿಬಿಟ್ಟು, ಬೆರಳಿನಿಂದ ತಟ್ಟಿ ತಟ್ಟಿ, ಒಂದೇ ಮುಖ ಮೇಲೆ ಬರುತ್ತದೆಯೇ ಎಂದು ಪರೀಕ್ಷಿಸಿದರು. ಒಂದು ಬದಿ ಭಾರವಿದ್ದರೆ ಹಾಗಾಗುತ್ತದಂತೆ. ಕೆಲವು ತಿಂಗಳ ಮೇಲೆ ನನ್ನನ್ನೂ ಪರೀಕ್ಷಿಸಿದ್ದು ತಿಳಿಯಿತು. "ನಿಮ್ ಮ್ಯಾಲೂ ಅನ್ಮಾನ ಇತ್ತು ಮೇಷ್ಟ್ರೇ. ನಾಗಮಂಗ್ಲದ ನಮ್ ಷಡ್ಕನ್ ಕೈಲಿ ಪುಸ್ತಕ ಓದುಸ್ದೆ. ನೀವು ಸರ್ಯಾಗೇ ಯೋಳಿದ್ರಿ" ಎಂದು ಅವರೇ ಬಂದು ಹೇಳಿದರು. ಸಿಟ್ಟು ಮಾಡಿಕೊಳ್ಳಬೇಕೋ ಹಿಗ್ಗಬೇಕೋ ನನಗೆ ತಿಳಿಯಲಿಲ್ಲ.

ನಮ್ಮ ಪುಸ್ತಕ ಹಳೇ ಆವೃತ್ತಿ, ತೆಳ್ಳಗಿತ್ತು. ಅದು ಸುಮ್ಮನಿದ್ದ ಕಡೆ ಆಚಾರ್ರ ಮಾತೇ ನಿಯಮ. ಸೆಕ್ರೆಟರಿಯ ಬಂಟ ಕಬ್ಬಿಣದ ಕವಚ ತೊಟ್ಟು ತುಂಬಿದ ಹೊಳೆಗೆ ಇಳಿದಾಗ ಆಚಾರ್ರು ಮುಳುಗಿಸಿಬಿಟ್ಟರು. ವರ್ಷವಿಡೀ ಸಾಕಿದ ಬಂಟ. ಸೆಕ್ರೆಟರಿ ಎದ್ದುಹೋದರು. ಮುಂದಿನ ತಿಂಗಳು ಬರುವಾಗ, ಬೊಂಬಾಯಿಯಲ್ಲಿದ್ದ ಕೆ.ಆರ್. ಪೇಟೆಯ ಭಾವಮೈದುನನಿಂದ ತರಿಸಿದ ಹೊಸ ಆವೃತ್ತಿ ಕಂಕುಳಲ್ಲಿತ್ತು. ದಪ್ಪ ಪುಸ್ತಕ, ಬಣ್ಣದ ಚಿತ್ರ. ಈಜುವುದಕ್ಕೂ ನಿಯಮ, ಹಸಿವಿಗೂ ನಿಯಮ. ಜೊತೆಗೆ ಕಥೆ ನಡೆಸುವವರು ದಾಳವನ್ನು ಮರೆಯಲ್ಲಿ ಉರುಳಿಸಲೆಂದು ಒಂದು ಮಡಚುವ ರಟ್ಟು.

"ನಿಮ್ ಬಾಯ್ಮಾತ್ಗೆ ನನ್ ಬಂಟ ಸತ್ತ. ಇದ್ರಲ್ಲಾದ್ರೆ ಎಲ್ಲಾ ಬರ್ದವ್ರೆ" ಅಂದರು ಸೆಕ್ರೆಟರಿ.

ಆಚಾರ್ರು ರಟ್ಟನ್ನು ನಿಲ್ಲಿಸಿ, ಅದರ ಹಿಂದೆ ಮುಂದೆ ನೋಡಿ, ಮಡಚಿ ಕೆಳಗಿಟ್ಟರು. "ನಾನು ನಿಮ್ ಕಣ್ಮುಂದೇನೇ ಉರುಳುಸ್ತಿದ್ದೆ. ಇದು ಮರೇಲಿ ಉರುಳ್ಸು ಅಂತದೆ. ಯಾವುದ್ನ ನಂಬ್ತೀರೋ ನಂಬ್ಕಳಿ."

ಅಂದಿನಿಂದ ಸೆಕ್ರೆಟರಿ ಬರಲಿಲ್ಲ. ಆಟ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಒಂದು ಭಾನುವಾರ ಆಚಾರ್ರು ತಾವೇ ಬಸ್ಸು ಹತ್ತಿ ಬೆಳಗೊಳಕ್ಕೆ ಹೋಗಿ, ಸೆಕ್ರೆಟರಿಯ ಮೊಪೆಡ್ಡಿನ ಹಿಂದೆ ಕೂತು ವಾಪಸು ಬಂದರು. ಇನ್ನು ಮೇಲೆ ಕಥೆ ಸೆಕ್ರೆಟರಿಯದು, ಹೊಸ ಪುಸ್ತಕದ ಪ್ರಕಾರ; ತಾವು ಬರೀ ಆಡುವವರು ಎಂದು ಒಪ್ಪಿಸಿ ಕರೆತಂದಿದ್ದರು.

ಆಚಾರ್ರು ಕಳ್ಳನಾದರು. ಆ ಕಳ್ಳ ಯಾವ ನೆಲವನ್ನೂ ಕೋಲಿನಿಂದ ಕುಟ್ಟದೆ ಮೆಟ್ಟುತ್ತಿರಲಿಲ್ಲ. ನೀರು ಕೊಟ್ಟವನ ಅಪ್ಪನ ಊರು ಕೇಳುತ್ತಿದ್ದ. ಬೀಗದ ತುಕ್ಕು ಎಷ್ಟು ಹಳೆಯದು ಎಂದು ವಿಚಾರಿಸುತ್ತಿದ್ದ. ಇವಕ್ಕೆಲ್ಲ ಯಾವ ಪುಸ್ತಕದಲ್ಲಿ ನಿಯಮವಿದ್ದೀತು? ಸೆಕ್ರೆಟರಿ ಹಾಳೆ ಮಗುಚಿ ಮಗುಚಿ ಸೋತು, ನಿಧಾನವಾಗಿ ತಮಗೆ ತೋಚಿದ್ದನ್ನೇ ಹೇಳತೊಡಗಿದರು. ಒಂದು ದಿನ ಪುಸ್ತಕ ಮುಚ್ಚಿಯೇ ಇತ್ತು.

"ಪುಸ್ತಕ ತಗೀರಿ ಸೆಕ್ರೆಟ್ರಿ" ಅಂದರು ಆಚಾರ್ರು. "ನಿಮ್ ಬಾಯ್ಮಾತು ನಾನೆಂಗೆ ನಂಬ್ಲಿ?"

ಸೆಕ್ರೆಟರಿಯ ಮುಖ ಕೆಂಪಾಯಿತು. ಆಮೇಲೆ ಎಲ್ಲರಿಗಿಂತ ಮೊದಲು ನಕ್ಕವರೂ ಅವರೇ. ಅವತ್ತಿನಿಂದ ಎರಡೂ ಪುಸ್ತಕ ಜಗಲಿಯ ಮೇಲಿರುತ್ತಿದ್ದವು. ಹಟಕ್ಕೆ ಬಿದ್ದಂತೆ ಯಾರೂ ಅವನ್ನು ತೆರೆಯುತ್ತಿರಲಿಲ್ಲ.

ಆಚಾರ್ರಿಗೆ ಮೂತ್ರಪಿಂಡದ ಕಾಯಿಲೆ ಬಲಿತಾಗ ಅವರ ಕಳ್ಳ ಒಂದು ನೆಲಮಾಳಿಗೆಯ ಬಾಗಿಲ ಮುಂದೆ ನಿಂತಿದ್ದ. ಎಷ್ಟೋ ವಾರದಿಂದ ಅದನ್ನು ತೆರೆಯದೆ ಕಿವಿಗೊಟ್ಟು ಕೇಳುತ್ತಲೇ ಇದ್ದ. ಮೈಸೂರಿನ ಆಸ್ಪತ್ರೆಗೆ ನಾನೂ ಸೆಕ್ರೆಟರಿಯೂ ನೋಡಲು ಹೋದೆವು. ಮೈ ಊದಿಕೊಂಡಿತ್ತು. ಸೆಕ್ರೆಟರಿ ಬಗ್ಗಿ, ಆ ಬಾಗಿಲ ಹಿಂದೆ ಏನೂ ಇಲ್ಲ, ಬರೀ ಖಾಲಿ ಕೋಣೆ, ಹೆದರದೆ ತೆರೆಯಿರಿ ಎಂದರು.

"ಸುಳ್ಳು" ಅಂದರು ಆಚಾರ್ರು. ಸ್ವಲ್ಪ ಹೊತ್ತು ಉಸಿರಾಡಿಕೊಂಡು, "ಯೋಳ್ಬ್ಯಾಡಿ. ನಾನೇ ಬಂದು ನೋಡ್ತೀನಿ" ಅಂದರು.

ಅವರು ಬರಲಿಲ್ಲ. ಮಣ್ಣು ಮಾಡಿ ಹಿಂದಿರುಗುವಾಗ ನಾನು ಸೆಕ್ರೆಟರಿಯನ್ನು ಕೇಳಿದೆ, ನಿಜವಾಗಿ ಅಲ್ಲಿ ಏನಿತ್ತು ಎಂದು.

"ಏನೂ ಇರ್ನಿಲ್ಲ ಕಣ್ ಮೇಷ್ಟ್ರೇ. ನಾನಿನ್ನೂ ಯೋಚ್ನೆನೇ ಮಾಡಿರ್ನಿಲ್ಲ" ಅಂದರು. ಹತ್ತು ಹೆಜ್ಜೆ ನಡೆದು, "ಅವ್ರು ಅಷ್ಟು ದಿನ ನಿಂತು ಕೇಳುಸ್ಕಂಡಿದ್ದು ನೋಡಿ, ಒಳ್ಗೆ ಏನೋ ಅದೆಯೇನೋ ಅಂತ ನಂಗೇ ಅನ್ಮಾನ ಬಂದ್ಬುಟ್ಟಿತ್ತು" ಅಂದರು.