ಅತ್ತಿಗೆ ಹರಾಜು ನಿಲ್ಲಿಸಿದ ದಿನ

ನನ್ನ ಅತ್ತಿಗೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಮ್ಮ, "ಮರಕ್ಕೆ ಹೊಡೆಯೋ ಕೆಲಸ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಸುಳ್ಳೇನಲ್ಲ. ಸರ್ಕಾರಿ ಕಾಡಿನಲ್ಲಿ ಗುತ್ತಿಗೆದಾರರು ಯಾವ ಮರ ಕಡಿಯಬಹುದು, ಯಾವುದನ್ನು ಮುಟ್ಟಬಾರದು ಎಂದು ಗುರುತು ಹಾಕುವವಳು ಅವಳು. ಸೊಂಟದ ಪಟ್ಟಿಯಲ್ಲಿ ಒಂದು ಸುತ್ತಿಗೆ, ಅದರ ಮೂತಿಯಲ್ಲಿ ಸರ್ಕಾರದ ಮುದ್ರೆ. ಕಡಿಯಬೇಕಾದ ಮರಕ್ಕೆ ಎದೆಯೆತ್ತರದಲ್ಲಿ ಒಂದು ಏಟು, ಬುಡದಲ್ಲಿ ಇನ್ನೊಂದು. ಮರ ಉರುಳಿದ ಮೇಲೂ ನೆಲದಲ್ಲಿ ಉಳಿಯುವ ಬೊಡ್ಡೆಯ ಮೇಲೆ ಆ ಎರಡನೇ ಏಟು ಇರಲೇಬೇಕು. ಏಟಿಲ್ಲದ ಬೊಡ್ಡೆ ಒಂದೇ ಒಂದು ಸಿಕ್ಕರೂ ಗುತ್ತಿಗೆ ರದ್ದು.

ಇಲಾಖೆಯಲ್ಲಿ ಅವಳಿಗಿದ್ದ ಹೆಸರು 'ಟಕ್ ಟಕ್'. ಗರಗಸ ಎಳೆಯುವವನ ಮಗಳು. ಮರದ ಕಾಂಡಕ್ಕೆ ಗೆಣ್ಣಿನಿಂದ ಬಡಿದು ಕಿವಿಗೊಟ್ಟರೆ ಒಳಗೆ ಟೊಳ್ಳಿದೆಯೋ ಗಟ್ಟಿಯೋ ಹೇಳಿಬಿಡುವಳು. ನಡಿಗೆಯಂತೂ ಕೇಳಬೇಡಿ. ನನ್ನ ಅಣ್ಣ ಗಡಿಯಾರ ರಿಪೇರಿ ಮಾಡುವವನು, ನಿಧಾನವೇ ಅವನ ಹೊಟ್ಟೆಪಾಡು. ಇಬ್ಬರೂ ಜೊತೆಯಾಗಿ ಸಂತೆಗೆ ಹೊರಟರೆ ಇವಳು ತರಕಾರಿ ಕೊಂಡು ವಾಪಸು ಬರುವಾಗ ಅವನು ಅರ್ಧ ದಾರಿಯಲ್ಲಿ ಎದುರಾಗುತ್ತಿದ್ದ.

ನನ್ನದು ರಬ್ಬರ್ ಸ್ಟಾಂಪ್ ಅಂಗಡಿ. ಎರಡಾಳು ಒಟ್ಟಿಗೆ ನಿಲ್ಲಲಾಗದಷ್ಟು ಇಕ್ಕಟ್ಟಾದ ಕೋಣೆ, ಒಂದು ಮೇಜು, ಒಂದು ಪುಟ್ಟ ಒತ್ತು ಯಂತ್ರ, ಗೋಡೆ ತುಂಬ ಅಕ್ಷರಗಳ ಗೂಡು. ಆ ದಿನ ಬೆಳಿಗ್ಗೆ ಒಬ್ಬ ಡಾಕ್ಟರಿಗೆ ಸೀಲು ಮಾಡಲು ಅಕ್ಷರ ಜೋಡಿಸುತ್ತ ಕೂತಿದ್ದೆ. ಫೋನು ಹೊಡೆದುಕೊಂಡಿತು.

"ಎಲ್ಲಿದೀಯ? ಸ್ಕೂಟರಲ್ಲಿ ಪೆಟ್ರೋಲ್ ಇದೆಯಾ?" ಅತ್ತಿಗೆ. ಏದುಸಿರು.

"ಇದೆ. ಯಾಕೆ?"

"ಕಾಡಿನ ಗೇಟಿಗೆ ಬಾ. ಈಗಲೇ. ಯಾಕೆ ಅಂತ ಕೇಳ್ಬೇಡ, ಬಂದ್ಮೇಲೆ ಹೇಳ್ತೀನಿ, ನೀನು ಕೇಳ್ತಾ ಕೂತ್ರೆ ಹರಾಜು ಮುಗಿದೇ ಹೋಗತ್ತೆ!"

ಡಾಕ್ಟರ ಹೆಸರನ್ನು ಅರ್ಧಕ್ಕೇ ಬಿಟ್ಟು ಅಂಗಡಿಯ ಬಾಗಿಲೆಳೆದೆ.

ಗೇಟಿನ ಬಳಿ ಅವಳು ಕಾಯುತ್ತ ನಿಂತಿದ್ದಳು. ಮೊಣಕೈತನಕ ಕೆಸರು, ಖಾಕಿ ಅಂಗಿಯ ತೋಳು ಹರಿದಿದೆ, ಬಗಲಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ. ಕಣ್ಣುಗಳು ಮಾತ್ರ ಮಿಂಚುತ್ತಿದ್ದವು. ಹಾರಿ ಹಿಂದೆ ಕೂತವಳೇ ಬೆನ್ನಿಗೊಂದು ಗುದ್ದಿದಳು. "ಮರದ ಡಿಪೋಗೆ! ಬಿಡು ಗಾಡಿ!" ಮುಂದಿನ ಸಂಗತಿಯೆಲ್ಲ ಗಾಳಿಯ ಭೋರಾಟದ ನಡುವೆ ಅವಳು ನನ್ನ ಕಿವಿಗೆ ಕೂಗಿ ಹೇಳಿದ್ದು.

ಆ ವರ್ಷ ಕಾಡಿನ ಆ ಭಾಗದ ಗುತ್ತಿಗೆ ಹಿಡಿದವನನ್ನು ಎಲ್ಲರೂ 'ಬೆಣ್ಣೆ' ಎನ್ನುತ್ತಿದ್ದರು. ಮಾತು ಅಷ್ಟು ಮೃದು. ಇನ್ನೂರ ನಲವತ್ತು ಮರ ಕಡಿಯಲು ಅವನಿಗೆ ಅನುಮತಿ. ತೊರೆಯ ಎರಡೂ ಬದಿ ಮೂವತ್ತು ಮೀಟರ್ ಒಳಗೆ ಕೊಡಲಿ ಹೋಗುವಂತಿಲ್ಲ, ಅದು ಕರಾರಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ. ಡಿಪೋಗೆ ಬಂದ ದಿಮ್ಮಿಗಳನ್ನು ಎಣಿಸಿದರು. ಇನ್ನೂರ ನಲವತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹರಾಜಿನ ದಿನವೂ ನಿಗದಿಯಾಯಿತು. ಬೊಡ್ಡೆಗಳನ್ನು ನೋಡಿಬರಲು ಅತ್ತಿಗೆಗೆ ಇನ್ನೂ ಒಂದು ತಿಂಗಳ ಗಡುವಿತ್ತು. ಅಂದರೆ ಮರ ಮಾರಾಟವಾಗಿ ಊರು ಸೇರಿದ ಮೇಲೆ ತನಿಖೆ! ಇದು ಅವಳಿಗೆ ಸರಿಬರಲಿಲ್ಲ. ಯಾರಿಗೂ ಹೇಳದೆ ಹರಾಜಿನ ದಿನವೇ ಬೆಳಗಿನ ಜಾವ ಎದ್ದು ಕಾಡಿಗೆ ಹೋಗಿದ್ದಳು.

"ತೊರೆ ಹತ್ರ ಒಂದು ಮಡು ಇದೆ ನೋಡು, ಅದರ ನೀರಿನ ಮೇಲೆ ಬಿಸಿಲು ಬಿದ್ದಿತ್ತು ಕಣೇ!"

"ಬಿದ್ರೆ ಏನಾಯ್ತು?"

"ಇಪ್ಪತ್ತು ವರ್ಷದಿಂದ ಓಡಾಡ್ತಿದೀನಿ, ಅಲ್ಲಿ ಒಂದು ದಿನ ಬಿಸಿಲು ನೋಡಿಲ್ಲ. ಮೇಲೆ ಕತ್ತೆತ್ತಿದ್ರೆ ಆಕಾಶ!"

ದಂಡೆಯ ಮೇಲೆ ಜರೀಗಿಡದ ಒಂದು ಗುಂಪು ಬಾಡಿ ಮಲಗಿತ್ತು. ಸುತ್ತಲಿನ ಮಣ್ಣು ಹೊಸದಾಗಿ ಕೆದಕಿದಂತಿತ್ತು. ಹಿಡಿದೆಳೆದಳು, ಬೇರೇ ಇಲ್ಲದಂತೆ ಕೈಗೆ ಬಂತು. ಕೆಳಗಿನ ಮಣ್ಣನ್ನು ಕೈಯಲ್ಲೇ ಬಗೆದಳು. ನುಣ್ಣಗೆ ಗರಗಸವಾಡಿದ ಬೊಡ್ಡೆ, ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪ. ಸುತ್ತ ತಡವಿದಳು. ಸುತ್ತಿಗೆಯ ಏಟಿಲ್ಲ. ಹತ್ತು ಹೆಜ್ಜೆಗೆ ಇನ್ನೊಂದು ಬಾಡಿದ ಗುಂಪು, ಅದರಾಚೆ ಮತ್ತೊಂದು. ಒಟ್ಟು ಹನ್ನೊಂದು. ಗುರುತು ಹಾಕಿದ್ದ ಹನ್ನೊಂದು ಸೊಟ್ಟ, ಟೊಳ್ಳು ಮರಗಳು ಮೇಲಿನ ಇಳಿಜಾರಿನಲ್ಲಿ ಹಾಗೇ ನಿಂತಿದ್ದವು. ಬೆಣ್ಣೆ ಅವನ್ನು ಬಿಟ್ಟು, ಬದಲಿಗೆ ತೊರೆಯಂಚಿನ ನೂರು ವರ್ಷದ ಮರಗಳನ್ನು ಮಲಗಿಸಿದ್ದ. ಎಣಿಕೆ ಸರಿಹೋಗದೆ ಇನ್ನೇನು!

ಫೋನಿನ ಬ್ಯಾಟರಿ ಮುಗಿಯುವುದರಲ್ಲಿತ್ತು. ಫೋಟೋ ತೆಗೆದರೆ ನನಗೆ ಕರೆ ಮಾಡಲು ಉಳಿಯುವುದಿಲ್ಲ. ಅವಳ ಚೀಲದಲ್ಲಿ ಕಾಡಿನ ನಕ್ಷೆಯಿತ್ತು, ಹಿಂಬದಿ ಖಾಲಿ. ಅದನ್ನು ಮೊದಲ ಬೊಡ್ಡೆಯ ಮೇಲೆ ಹರಡಿ, ಮರಕ್ಕೆ ನಂಬರು ಬರೆಯುವ ನೀಲಿ ಮೇಣದ ಕಡ್ಡಿಯನ್ನು ಅಡ್ಡ ಹಿಡಿದು ಉಜ್ಜಿದಳು. ಉಂಗುರದ ಮೇಲೆ ಉಂಗುರ ಕಾಗದಕ್ಕೆ ಏರುತ್ತ ಬಂತು. ನಡುವೆ ಕಿವಿಯ ಆಕಾರದ ಟೊಳ್ಳು, ಅದರಿಂದ ತೊಗಟೆಯವರೆಗೆ ಒಂದು ಬಿರುಕು. ಇದಕ್ಕೆ ಕೂಡುವ ದಿಮ್ಮಿ ಡಿಪೋದಲ್ಲಿ ಸಿಕ್ಕರೆ ಕಳ್ಳತನ ಸಾಬೀತು.

ಡಿಪೋ ಮುಟ್ಟುವಾಗ ಹನ್ನೊಂದೂಕಾಲು. ಹರಾಜು ಶುರುವಾಗಿ ಆರು ರಾಶಿ ಮಾರಾಟವಾಗಿಬಿಟ್ಟಿತ್ತು. ಕ್ರೇನು ದಿಮ್ಮಿಗಳನ್ನು ಎತ್ತೆತ್ತಿ ಲಾರಿಗೆ ಹಾಕುತ್ತಿತ್ತು. ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಅತ್ತಿಗೆ ಇಳಿದು ಓಡಿದಳು.

"ನಿಲ್ಸಿ! ಕ್ರೇನ್ ನಿಲ್ಸಿ! ನನ್ನ ಆಕ್ಷೇಪಣೆ ಇದೆ!"

ಹರಾಜು ನಡೆಸುವ ಅಧಿಕಾರಿ ತೆಳ್ಳಗಿನ, ಕನ್ನಡಕದ ಮನುಷ್ಯ. ನಿಯಮದ ಪುಸ್ತಕ ಬಿಟ್ಟು ಊಟಕ್ಕೂ ಏಳದವನು. ಅವನು ಶಾಂತವಾಗಿ ಪುಟ ತಿರುವಿದ. "ಹದಿನೆಂಟನೇ ನಿಯಮ. ಗುರುತು ಹಾಕೋ ಸಿಬ್ಬಂದಿ ಬರೆದು ಕೊಟ್ರೆ ಹರಾಜನ್ನ ಅರ್ಧ ಗಂಟೆ ನಿಲ್ಲಿಸಬಹುದು. ಅಷ್ಟರಲ್ಲಿ ಸಾಬೀತು ಮಾಡದಿದ್ರೆ ಆ ಸಿಬ್ಬಂದಿ ಮೇಲೆ ಕ್ರಮ." ಕನ್ನಡಕದ ಮೇಲಿಂದ ಅವಳನ್ನು ನೋಡಿದ. "ನನ್ನ ಸರ್ವೀಸಲ್ಲಿ ಯಾರೂ ಇದನ್ನ ಬಳಸಿದ್ದಿಲ್ಲ. ಯೋಚನೆ ಮಾಡಿ."

"ಮಾಡಾಯ್ತು. ಪೆನ್ ಕೊಡಿ."

ಬೆಣ್ಣೆ ತಾನೇ ಒಂದು ಕುರ್ಚಿ ಎತ್ತಿಕೊಂಡು ಬಂದ. "ಬಿಸಿಲಲ್ಲಿ ಬಂದಿದೀರಿ ಅಕ್ಕಾ, ಕೂತ್ಕೊಳ್ಳಿ. ಏನೋ ತಪ್ಪು ತಿಳುವಳಿಕೆ ಇರಬೇಕು. ಎಣಿಕೆ ಸರಿ ಇದೆಯಲ್ಲ?"

"ಎಣಿಕೆ ಸರಿ ಇದೆ. ಮರ ಸರಿ ಇಲ್ಲ" ಎಂದಳು ಅತ್ತಿಗೆ. ಕೂರಲಿಲ್ಲ.

ಗಡಿಯಾರ ಓಡತೊಡಗಿತು. ದಿಮ್ಮಿಗಳ ತೊಗಟೆ ಸುಲಿದಿದ್ದರಿಂದ ಎದೆಯೆತ್ತರದ ಏಟು ನೋಡಿ ಗುರುತಿಸುವಂತಿರಲಿಲ್ಲ. ಉಳಿದಿದ್ದು ಬುಡದ ಕಡೆಯ ಮುಖವೊಂದೇ. ನಾವಿಬ್ಬರೂ ರಾಶಿಯಿಂದ ರಾಶಿಗೆ ಓಡಿದೆವು. ಟೊಳ್ಳಿದ್ದರೆ ಕಿವಿಯ ಆಕಾರವಿಲ್ಲ, ಕಿವಿಯಂತೆ ಕಂಡರೆ ಬಿರುಕಿಲ್ಲ. ಮರ ಕೊಳ್ಳಲು ಬಂದಿದ್ದವರು ಮೊದಮೊದಲು ಮುಖ ಸಿಂಡರಿಸಿ ನಿಂತಿದ್ದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರಿಗೂ ಹುಚ್ಚು ಹಿಡಿಯಿತು. ಒಬ್ಬ ಪೀಠೋಪಕರಣದ ಬಡಗಿ ಪ್ಯಾಂಟು ಮಡಚಿ ರಾಶಿಯ ಮೇಲೇ ಹತ್ತಿಬಿಟ್ಟ. "ಕಿವಿ ಥರ ತಾನೇ? ಇಲ್ಲೊಂದಿದೆ! ಅಲ್ಲ, ಇದು ಅವರೆಕಾಳು!"

"ಇಪ್ಪತ್ತು ನಿಮಿಷ ಆಯ್ತು" ಎಂದ ಅಧಿಕಾರಿ.

ಅತ್ತಿಗೆಯ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕೊನೆಯಿಂದ ಎರಡನೇ ರಾಶಿಯಲ್ಲಿ ಬಡಗಿ ಗಟ್ಟಿಯಾಗಿ ಕೂಗಿದ. "ಇದು! ಇದೇ!" ಓಡಿಹೋದೆವು. ಕಿವಿ! ಅದರಿಂದ ಹೊರಟ ಬಿರುಕು! ಅತ್ತಿಗೆ ಕಾಗದ ಬಿಡಿಸಿ ದಿಮ್ಮಿಯ ಮುಖಕ್ಕೆ ಒತ್ತಿ ಹಿಡಿದಳು.

ಕೂಡಲಿಲ್ಲ. ಕಾಗದದಲ್ಲಿ ಬಿರುಕು ಎಡಕ್ಕೆ ಹೋಗಿತ್ತು, ದಿಮ್ಮಿಯಲ್ಲಿ ಬಲಕ್ಕೆ. ದಿಮ್ಮಿ ಉರುಳಿ ಮಲಗಿದೆಯೆಂದು ಕಾಗದವನ್ನು ಸುತ್ತ ತಿರುಗಿಸಿದಳು, ತಲೆಕೆಳಗು ಮಾಡಿದಳು. ಹೇಗೆ ಹಿಡಿದರೂ ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ತಪ್ಪುತ್ತಿತ್ತು. ಜನ "ಅಯ್ಯೋ" ಎಂದರು. ಬೆಣ್ಣೆ ನಯವಾಗಿ ನಕ್ಕ. "ಬಿಡಿ ಅಕ್ಕಾ, ಮನುಷ್ಯರು ತಪ್ಪು ಮಾಡೋದು ಸಹಜ."

"ಇನ್ನು ನಾಲ್ಕು ನಿಮಿಷ."

ಅತ್ತಿಗೆ ಕಾಗದವನ್ನು ಮತ್ತೊಮ್ಮೆ ದಿಮ್ಮಿಗೆ ಒತ್ತಿ ಹಿಡಿದಳು. ನಾನು ಆ ನೀಲಿ ಗೆರೆಗಳನ್ನೇ ದಿಟ್ಟಿಸುತ್ತ ನಿಂತೆ. ಹದಿನೈದು ವರ್ಷದಿಂದ ದಿನವೂ ನೋಡುವ ನೋಟ ಅದು! ಸೀಲಿನ ಮೇಲಿನ ಅಕ್ಷರ, ಕಾಗದದ ಮೇಲಿನ ಅಕ್ಷರ.

"ಅತ್ತಿಗೆ, ಉಲ್ಟಾ! ಕಾಗದದ ಬೆನ್ನು ಈ ಕಡೆ ಮಾಡು! ನೀನು ಉಜ್ಜಿದ್ದು ಬೊಡ್ಡೆ ಮೇಲೆ, ಇದು ಅದರ ಎದುರಿನ ಮುಖ. ಒಂದು ಸೀಲು, ಒಂದು ಅಚ್ಚು!"

ಅವಳು "ಹೌದಲ್ವೇ!" ಎಂದು ಕಿರುಚಿ ಕಾಗದವನ್ನು ಮಗುಚಿದಳು. ಈಗ ನಕ್ಷೆಯ ಮುಖ ನಮ್ಮ ಕಡೆಗಿತ್ತು, ನೀಲಿ ಕಾಣಲಿಲ್ಲ. ಬಡಗಿ ತನ್ನ ಕಿವಿಯ ಹಿಂದಿನ ಪೆನ್ಸಿಲು ತೆಗೆದು ನೀಲಿ ಬದಿಯಿಂದ ಚುಚ್ಚಿದ. ಉಜ್ಜಿದ ಕಿವಿಯ ಅಂಚಿನುದ್ದಕ್ಕೂ ಸಾಲು ತೂತು, ಬಿರುಕಿನುದ್ದಕ್ಕೂ ತೂತು. ಅತ್ತಿಗೆ ಕಾಗದವನ್ನು ದಿಮ್ಮಿಗೆ ಹಚ್ಚಿ ನಿಧಾನ ಜರುಗಿಸಿದಳು. ತೂತುಗಳು ಒಂದೊಂದೇ ಟೊಳ್ಳಿನ ಅಂಚಿಗೆ ಬಂದು ಕೂತವು. ಬಿರುಕು ಬಿರುಕಿನ ಮೇಲೆ. ತೊಗಟೆಯಷ್ಟು ಬಿಟ್ಟು ಹೊರಗಿನ ಅಂಚು ಅಂಚಿಗೆ.

ಅಧಿಕಾರಿ ತಾನೇ ಮಂಡಿಯೂರಿ ಕೂತು ಕಾಗದದ ಮೂಲೆಯೆತ್ತಿ, ಕೆಳಗಿನ ಉಂಗುರಗಳನ್ನು ಬೆರಳಿಟ್ಟು ಎಣಿಸಿದ. ಒಂದು ದಪ್ಪ, ಮೂರು ಸಣ್ಣ, ಮತ್ತೆ ಒಂದು ದಪ್ಪ. ಕಾಗದದಲ್ಲೂ ಅದೇ. ಎದ್ದು ನಿಂತು ಧೂಳು ಕೊಡವಿಕೊಂಡ. "ಹರಾಜು ರದ್ದು. ಗೇಟು ಹಾಕಿ. ಲಾರಿ ಇಳಿಸಿ."

ಡಿಪೋ ಎದ್ದು ಕುಣಿಯಿತು ಎಂದರೆ ಹೆಚ್ಚಲ್ಲ. ಒಂದು ತುಂಡು ಮರವೂ ಸಿಗದೆ ಬರಿಗೈಲಿ ಹೋಗಬೇಕಾದ ಬಡಗಿಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಬೆಣ್ಣೆ ತಾನು ತಂದ ಕುರ್ಚಿಯಲ್ಲಿ ತಾನೇ ಕೂತಿದ್ದ.

ಮುಂದಿನ ಎರಡು ದಿನಗಳಲ್ಲಿ ಉಳಿದ ಹತ್ತು ಬೊಡ್ಡೆಗಳಿಗೂ ದಿಮ್ಮಿ ಸಿಕ್ಕಿತು. ಗುತ್ತಿಗೆ ಮುರಿಯಿತು. ಬೆಣ್ಣೆ ಸರ್ಕಾರಿ ಕಾಡಿನ ಗೇಟು ದಾಟದಂತೆ ಆದೇಶವಾಯಿತು, ಮೊಕದ್ದಮೆ ಈಗಲೂ ನಡೆದಿದೆ. ತೊರೆಯ ಮರಗಳು ಮಾತ್ರ ಹೋದದ್ದು ಹೋದವು. ಆದರೆ ನಿಯಮ ಬದಲಾಯಿತು. ಬೊಡ್ಡೆ ನೋಡಿ ಸಹಿ ಹಾಕುವವರೆಗೆ ಇನ್ನು ಒಂದು ದಿಮ್ಮಿಯೂ ಹರಾಜಿಗೆ ಬರುವಂತಿಲ್ಲ. ಆ ಸಹಿ ಹಾಕುವ ಹುದ್ದೆಗೆ ಅವಳನ್ನೇ ಕೂರಿಸಿದರು.

ಕೂರುವವಳೇ ಅವಳು? ಮರುವರ್ಷ ಗುತ್ತಿಗೆ ಹಿಡಿದವಳು ಒಬ್ಬ ಹೆಂಗಸು. ಮೊದಲ ದಿನವೇ ಮನೆಗೆ ಬಂದು, "ಗಡಿ ನೀವೇ ನಡೆದು ತೋರಿಸಿ, ಆಮೇಲೆ ಗರಗಸ ಶುರು ಮಾಡ್ತೀನಿ" ಎಂದಳು. ಕಡಿದು ಮುಗಿದ ಮೇಲೆ ಅತ್ತಿಗೆ ಮೂರು ದಿನ ಇಳಿಜಾರು ಹತ್ತಿ ಇಳಿದು ಒಂದೊಂದು ಬೊಡ್ಡೆಯನ್ನೂ ತಡವಿ ನೋಡಿದಳು. ಮೂರನೇ ದಿನ ಸಂಜೆ ಬೂಟನ್ನೂ ಬಿಚ್ಚದೆ ಸೀದಾ ಅಡುಗೆಮನೆಗೆ ನುಗ್ಗಿ ಅಮ್ಮನ ಭುಜ ಹಿಡಿದು ಕುಲುಕಿದಳು.

"ಎಲ್ಲದಕ್ಕೂ ಏಟಿದೆ ಅತ್ತೆ! ಮುನ್ನೂರ ಆರು ಬೊಡ್ಡೆ, ಒಂದೂ ತಪ್ಪಿಲ್ಲ!"

"ಸಂತೋಷ" ಎಂದಳು ಅಮ್ಮ. "ಈಗ ಹೊರಗೆ ಹೋಗು, ಆ ಕೆಸರನ್ನ ನೀನೇ ಒರೆಸು."